ದನಿ ತಗ್ಗಿಸದ ಮೇಷ್ಟ್ರು

ವೃಷಣ, ಯೋನಿ, ಮೂತ್ರನಾಳ ಎಂಬ ಶಬ್ದಗಳು ಬಂದಾಗ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ದನಿ ಎಳ್ಳಷ್ಟೂ ತಗ್ಗುತ್ತಿರಲಿಲ್ಲ. ಉಳಿದ ಮೇಷ್ಟ್ರುಗಳು 'ಮನೆಯಲ್ಲೇ ಓದಿಕೊಳ್ಳಿ' ಎಂದು ದಾಟಿಸಿಬಿಡುವ ಆ ಅಧ್ಯಾಯಕ್ಕೆ ಅವರು ಜೇಬಿನ ತುಂಬ ಬಣ್ಣದ ಸೀಮೆಸುಣ್ಣ ತುಂಬಿದ ಮಾಸಲು ಕೋಟಿನಲ್ಲಿ, ತುಸು ಮುಂದಕ್ಕೆ ಬಾಗಿದ ಅವಸರದ ನಡಿಗೆಯಲ್ಲಿ, ಮದುವೆಗೆ ಹೊರಟವರ ಹುರುಪಿನಿಂದ ಬರುತ್ತಿದ್ದರು. ಗೋಡೆಯಾಚೆಯ ತರಗತಿಯಲ್ಲಿ ಕನ್ನಡ ಮೇಷ್ಟ್ರಾದ ನನ್ನ ಕಾವ್ಯಪಾಠ. ನಾಯಕಿಯ ವಿರಹ ಇನ್ನೇನು ಮಕ್ಕಳ ಮನಸ್ಸನ್ನು ಕಲಕಬೇಕು ಎನ್ನುವಷ್ಟರಲ್ಲಿ 'ವೃಷಣ' ಎಂಬ ಗುಡುಗು ಕೇಳಿ ತರಗತಿಯೇ ಗೊಳ್ಳೆಂದು ನಗುತ್ತಿತ್ತು. ದೂರಿದರೆ, ನಿಮ್ಮ ಕವಿಗಳು ಹೃದಯವೊಂದನ್ನೇ ಹಿಡಿದು ಕೂತದ್ದು ನನ್ನ ತಪ್ಪೇ ಎಂದು ನನ್ನನ್ನೇ ಕೇಳುತ್ತಿದ್ದರು.

ಹೆಂಗಸರಲ್ಲಿ ಮೂತ್ರದ ದಾರಿ ಬೇರೆ, ಮಗು ಬರುವ ದಾರಿ ಬೇರೆ. ಗಂಡಸರಲ್ಲಿ ಮೂತ್ರಕ್ಕೂ ವೀರ್ಯಕ್ಕೂ ಹೊರಬರಲು ಒಂದೇ ನಾಳ, ಅದರ ಬುಡವನ್ನು ಗ್ರಂಥಿಯೊಂದು ಬಳಸಿಕೊಂಡಿದೆ, ಮುಪ್ಪಿನಲ್ಲಿ ಅದು ಊದಿಕೊಂಡು ದಾರಿಯನ್ನೇ ಹಿಸುಕಬಹುದು: ಇದೆಲ್ಲ ಗೋಡೆಯ ಮೂಲಕವೇ ನನಗೂ ಬಾಯಿಪಾಠವಾಗಿತ್ತು. ಮುಸಿಮುಸಿ ನಗುವ ಹುಡುಗರನ್ನು ಅವರು ಗದರುತ್ತಿರಲಿಲ್ಲ. "ಈಗಲೇ ನಕ್ಕು ಮುಗಿಸ್ರಪ್ಪ, ಡಾಕ್ಟರ ಮುಂದೆ ಕೂತಾಗ ಬಾಯಿ ಬಿಟ್ರೆ ಸಾಕು" ಎನ್ನುತ್ತಿದ್ದರು.

ಅಂಥವರು, ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಮೂತ್ರ ಕಟ್ಟಿಕೊಂಡಾಗ, ಹೆಂಡತಿಗೆ ಹೇಳಿದ್ದು ಹೊಟ್ಟೆ ಯಾಕೋ ಬಿಗಿದಿದೆ ಎಂದು. ಅಜೀರ್ಣವಿರಬೇಕೆಂದು ಆಕೆ ಲೋಟದ ಮೇಲೆ ಲೋಟ ಬಿಸಿನೀರು ಕೊಟ್ಟರು. ಇವರು ತುಟಿಪಿಟಕ್ಕೆನ್ನದೆ ಕುಡಿದರು. ಸಂಜೆ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದವನು ನಾನು. ಬೆವರಿನಲ್ಲಿ ತೊಯ್ದು ಮುದುಡಿ ಕುಳಿತಿದ್ದರೂ, ಎದುರಿಗಿದ್ದ ಡಾಕ್ಟರು ತಮ್ಮದೇ ಹಳೆಯ ವಿದ್ಯಾರ್ಥಿನಿಯೆಂದು ಗೊತ್ತಾದೊಡನೆ ಮೇಷ್ಟ್ರು ದನಿ ತಗ್ಗಿಸಿ, ಏನಿಲ್ಲಮ್ಮ, ಬರೀ ಗ್ಯಾಸು ಎಂದುಬಿಟ್ಟರು.

ಆಗ ಎದ್ದು ನಿಂತವರು, ಗಂಡನ ಪಾಠದ ಸುದ್ದಿ ಬಂದರೆ ಕೆಂಪಾಗಿ ಒಳಗೆ ಹೋಗುತ್ತಿದ್ದ ಆ ಹೆಂಡತಿ. "ಗ್ಯಾಸ್ ಅಲ್ಲಮ್ಮ. ಇವರಿಗೆ ಬೆಳಿಗ್ಗೆಯಿಂದ ಮೂತ್ರ ಬಂದಿಲ್ಲ. ಬಚ್ಚಲಿಗೆ ಹೋಗ್ತಾರೆ, ಬರ್ತಾರೆ, ಒಳಗೆ ಸದ್ದೇ ಇಲ್ಲ."

ಕೂಡಲೇ ನಳಿಕೆ ಹಾಕಿದರು. ಇನ್ನೂ ತಡವಾಗಿದ್ದರೆ ಮೂತ್ರಪಿಂಡಗಳಿಗೇ ಕುತ್ತಾಗುತ್ತಿತ್ತಂತೆ. ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನಗೆ ನಗು ಬರಲಿಲ್ಲ.

ಅವರನ್ನು ಕಪಟಿ ಎನ್ನಲಾರೆ. ಲೋಕದ ಸಂಕೋಚ ಕಳೆಯಲು ಹೊರಟ ಇಂಥವರು ಆಡುವುದೆಲ್ಲ ನಿಜವೇ. ಆದರೆ ಅವರು ಆಡುವುದು ಮನುಷ್ಯನ ದೇಹದ ವಿಷಯ, ತಾವೂ ಆ ಮನುಷ್ಯರಲ್ಲಿ ಒಬ್ಬರೆಂಬುದು ಅವರಿಗೆ ಹೊಳೆಯುವುದೇ ತಡವಾಗಿ. ಅಲ್ಲಿಯವರೆಗೆ ಅವರ ಪರವಾಗಿ ಬಾಯಿ ಬಿಡಲು ಮನೆಯಲ್ಲೊಬ್ಬರು ಇರಬೇಕು.