ಕಿರುಬೆರಳಿನಷ್ಟು ಜಾಗ

ಹೊಸ ರಬ್ಬರಿನ ವಾಸನೆ, ಬಾಗಿಲು ತೆಗೆದಿಟ್ಟರೂ ಹೋಗುತ್ತಿಲ್ಲ, ಬೆಂಚಿನ ಮೇಲೆ ತಮ್ಮ ತಂದಿಟ್ಟು ಹೋದ ಜೋಡಿ ಟೈರು, ನೋಡಿದ ಕೂಡಲೇ ಅವಳಿಗೆ ಮೈ ಉರಿಯಿತು, ಇಪ್ಪತ್ತಾರು ಇಂಚು ಅಂತ ಓದಿದನಂತೆ, ತಂದನಂತೆ, ಒಂದು ಮುಕ್ಕಾಲು ಅಂತ ಭಿನ್ನರಾಶಿಯಲ್ಲಿ ಬರೆದ ಟೈರೇ ಬೇರೆ, ಒಂದು ಪಾಯಿಂಟ್ ಏಳು ಐದು ಅಂತ ಬರೆದದ್ದೇ ಬೇರೆ, ಸ್ಕೂಲಿನ ಲೆಕ್ಕದಲ್ಲಿ ಎರಡೂ ಒಂದು, ಇವನು ತಂದ ಭಿನ್ನರಾಶಿಯದನ್ನು ರಿಮ್ಮಿಗೆ ಹಾಕಿದರೆ ಅಪ್ಪನ ಅಂಗಿ ಮಗನಿಗೆ ತೊಡಿಸಿದ ಹಾಗೆ ಜೋಲುತ್ತದೆ, ಸೈಕಲ್ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಹನ್ನೆರಡು ವರ್ಷ ಕೂತವನಿಗೆ ಇಷ್ಟು ಗೊತ್ತಿಲ್ಲ, ಹೇಳಿದರೆ ನಗುತ್ತಾನೆ, ಅದೇನು ಓಡೋದಿಲ್ವಲ್ಲಕ್ಕಾ, ಅಂಟು ಹಾಕಿ ಕೂರಿಸಿಬಿಡು. ಅಂಟು. ಅಪ್ಪನ ಕೈಯ ಸೈಕಲ್ಲಿಗೆ ಅಂಟು. ಫ್ರೇಮು ತಲೆಯ ಮೇಲೆ ಸರಪಳಿಯಲ್ಲಿ ತೂಗುತ್ತಿದೆ, ಗುಜರಿಯಿಂದ ಅಪ್ಪ ಎತ್ತಿ ತಂದ ಹಳೇ ಕಾಲದ ಕ್ರೂಸರ್, ಬಾಗಿದ ಕೊಳವೆ, ಅಗಲ ಹ್ಯಾಂಡಲ್, ಒಂದು ವರ್ಷ ತುಕ್ಕು ಉಜ್ಜಿದ, ಕಡುಹಸಿರು ಬಣ್ಣ ಬಳಿದ, ಇದು ನಿಂಗೆ ಕಣೇ ಅಂದ, ಚಕ್ರ ಮಾತ್ರ ನಾನು ಆರಿಸಲ್ಲ, ಓಡಿಸೋಳು ನೀನು, ನೀನೇ ಆರಿಸ್ಕೋ — ಕೆನೆಬಣ್ಣದ ಟೈರು ಹಾಕೋಣಪ್ಪಾ — ಕೊಳೆ ಕಾಣತ್ತಲ್ಲೇ — ಕಾಣ್ಲಿ ಬಿಡು, ಓಡಿದ್ದು ಗೊತ್ತಾಗ್ಲಿ, ಅಪ್ಪ ನಕ್ಕ, ಆ ವಾರವೇ ಹೋಗಿಬಿಟ್ಟ. ಮೂರು ವರ್ಷ ಅದನ್ನು ಮುಟ್ಟಲು ಅವಳಿಗೆ ಕೈ ಬರಲಿಲ್ಲ. ತಮ್ಮನಿಗೆ ಬಂತು, ಹೋಟೆಲಿನವರಿಗೆ ಮಾರಿ ಕೈ ತೊಳೆದುಕೊಂಡ, ಪಡಸಾಲೆಯಲ್ಲಿ ಅಲಂಕಾರಕ್ಕೆ ಪೀಠದ ಮೇಲೆ ನಿಲ್ಲಿಸುತ್ತಾರಂತೆ, ಅಲುಗಬಾರದಂತೆ, ಚಕ್ರಗಳಿಗೆ ತೂತು ಹೊಡೆದು ಬೋಲ್ಟು ಹಾಕಬೇಕಂತೆ, ಚೀಟಿಯಲ್ಲಿ ಚಿತ್ರ ಬರೆದು ಕಳಿಸಿದ್ದಾರೆ, ಒಂದೊಂದು ಚಕ್ರದ ಬುಡದಲ್ಲೂ ಪೆನ್ಸಿಲಿನ ಒಂದು ಸಣ್ಣ ಸೊನ್ನೆ. ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತೇನೋ. ಅಯ್ಯೋ ಅಕ್ಕಾ, ಮೂರು ವರ್ಷ ನೇತಾಡ್ತಿತ್ತು, ಬೇಕು ಅಂತ ನೀನು ಬಾಯಿಬಿಟ್ಟು ಹೇಳಿದ್ಯಾ. ಹೇಳಲಿಲ್ಲ. ಹಾಳಾದ ಬಾಯಿ, ಅವನ ಮೇಲಿನ ಸಿಟ್ಟಿಗಿಂತ ಈ ಬಾಯಿಯ ಮೇಲೆ ಸಿಟ್ಟು ಹೆಚ್ಚು, ಊರಿಗೆಲ್ಲ ಚಕ್ರ ಕಟ್ಟಿಕೊಟ್ಟವಳಿಗೆ ತನ್ನದು ಅಂತ ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ಈ ಟೈರು ಬೇಡ ಅಂದ್ರೆ ಚಕ್ರ ನೀನೇ ಆರಿಸಕ್ಕಾ, ನಿನ್ನ ಕಣ್ಣು ಚೆನ್ನಾಗಿದೆ — ಅಪ್ಪನ ಮಾತೇ ಇವನ ಬಾಯಲ್ಲಿ.

ಸರಿ, ಆರಿಸುತ್ತಾಳೆ. ಅವನು ತಂದ ಜೋಡಿಯನ್ನು ಮೂಲೆಗೆಸೆದಳು, ಅಟ್ಟದಿಂದ ಎರಡು ಜೊತೆ ರಿಮ್ಮು ಇಳಿಸಿದಳು, ಅಲ್ಯೂಮಿನಿಯಮ್ಮು ಹಗುರ, ಬೇಡ, ಈ ಸೈಕಲ್ಲಿಗೆ ತೂಕವೇ ಚೆಂದ, ಹಿಂದಕ್ಕೆ ತುಳಿದರೆ ನಿಲ್ಲುವ ಬ್ರೇಕು, ರಿಮ್ಮಿಗೆ ಉಜ್ಜುವುದೇನೂ ಇಲ್ಲ, ಮಿರಮಿರ ಉಕ್ಕಿನದೇ ಇರಲಿ, ಚಕ್ರಕ್ಕೆ ಮೂವತ್ತಾರು ಕಡ್ಡಿ, ಒಂದೊಂದನ್ನೂ ಉಗುರಿನಿಂದ ಮೀಟಿ ಕೇಳಿದಳು, ಪೀಠದ ಮೇಲೆ ನಿಲ್ಲುವುದಕ್ಕೆ ಇಷ್ಟೆಲ್ಲ ಯಾಕೆ ಅಂತ ಯಾರಾದರೂ ಕೇಳಲಿ ನೋಡೋಣ, ಎರಡಿಂಚು ಮೀರಿದ ಅಗಲದ ಕೆನೆಬಣ್ಣದ ಟೈರು ರಿಮ್ಮಿನಲ್ಲಿ ಅಚ್ಚುಕಟ್ಟಾಗಿ ಕೂತಿತು, ಪಂಪು ಒತ್ತಿದಳು, ತೋಳು ನೋಯುವವರೆಗೂ ಒತ್ತಿದಳು, ಫ್ರೇಮು ಇಳಿಸಿ ಚಕ್ರ ಹಾಕಿ ಟೈರಿಗೂ ಫ್ರೇಮಿನ ಕೊಳವೆಗೂ ನಡುವೆ ಕಿರುಬೆರಳು ತೂರಿಸಿದಳು, ಅಪ್ಪನ ಅಳತೆ, ಕಿರುಬೆರಳು ಸಲೀಸಾಗಿ ಹೋದರೆ ಚಕ್ರ ಉಜ್ಜಲ್ಲ ಕಣೇ, ಹೋಯಿತು, ಎರಡೂ ಕಡೆ ಹೋಯಿತು, ತಿರುಗಿಸಿದರೆ ಸದ್ದೇ ಇಲ್ಲ, ತಿರುಗುತ್ತಲೇ ಇತ್ತು — ಅಬ್ಬಾ, ಏನು ಚೆನ್ನಾಗಿದೆ ಅಕ್ಕಾ, ತಮ್ಮ ಒಳಗೆ ಬಂದ, ಕೈಯಲ್ಲಿ ಡ್ರಿಲ್ಲು, ಕಿವಿಸಂದಿಯಲ್ಲಿ ಪೆನ್ಸಿಲು, ಗಾಳಿ ಯಾಕೆ ತುಂಬ್ದೆ, ಈಗ ಬಿಡ್ಬೇಕಲ್ಲ, ಹೋಗ್ಲಿ ಗುರುತು ಹಾಕ್ತೀನಿ, ಕುಕ್ಕರಗಾಲಲ್ಲಿ ಕೂತು ತಿರುಗುವ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದ, ಕೆನೆಬಣ್ಣದ ಮೇಲೆ ಬರೆದ, ಸೊನ್ನೆ, ಕಿರುಬೆರಳು ದಪ್ಪದ ಸೊನ್ನೆ, ಮಣ್ಣಿಗಿಂತ ಮೊದಲು ಆ ಟೈರಿಗೆ ಅಂಟಿದ ಕೊಳೆ ಅದು. ಇದು ನಂದು ಕಣೋ, ಅಂದಳು. ಏನು. ನಂದು. ಮೂರು ವರ್ಷದ ಮಾತು ಅಷ್ಟೇ ಚಿಕ್ಕದಾಗಿ ಹೊರಗೆ ಬಿತ್ತು. ಅವನು ನಕ್ಕ, ಡ್ರಿಲ್ಲಿನ ವೈರು ಸಿಕ್ಕಿಸಿದ, ಅವಳು ನೆಲಕ್ಕೆ ಕೂತು ಸೊನ್ನೆಯ ಮೇಲೆ ಕಿರುಬೆರಳಿಟ್ಟಳು, ಸರಿಯಾಗಿ ಮುಚ್ಚಿತು, ಬೆರಳು ತೆಗಿ ಅಕ್ಕಾ, ತಮಾಷೆ ಸಾಕು, ತೂತು ಹೊಡಿ ಅಂದಳು, ತೆಗಿ ಅಕ್ಕಾ, ಹೊಡಿಯೋ — ಡ್ರಿಲ್ಲಿನ ಮೂತಿ ಗಾಳಿಯಲ್ಲೇ ನಿಂತಿದೆ, ಅದರ ಕೆಳಗೆ ಬೆರಳು, ಬೆರಳಿನ ಕೆಳಗೆ ಸೊನ್ನೆ, ಸೊನ್ನೆಯ ಕೆಳಗೆ ಅವಳ ಚಕ್ರ.