ಮೊಸರಿಗೆ ಬೆರೆಸಿದ ಪುಡಿ, ಅಟ್ಟಕ್ಕೆ ಹೋದ ಮಾತ್ರೆ

ಕೈಲಾಂಚ ಹಳ್ಳಿಯ ಬಸವಲಿಂಗಮ್ಮನಿಗೂ ರಾಮನಗರದ ಗುಲ್ಜಾರ್ ಬೀಗೂ ಗೆಳೆತನ ಬೆಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಇಬ್ಬರ ಮಕ್ಕಳಿಗೂ ಒಂದೇ ಕಾಯಿಲೆ, ಸ್ಕಿಜೋಫ್ರೇನಿಯಾ. ಯಾರೂ ಇಲ್ಲದ ಕಡೆ ಮಾತು ಕೇಳಿಸುವುದು, ಮನೆಯವರ ಮೇಲೇ ಅನುಮಾನ, ನಿದ್ದೆಗೇಡು. ಪ್ರತಿ ತಿಂಗಳು ಮಾತ್ರೆಗೆಂದು ಬಂದಾಗ ತಾಯಂದಿರಿಬ್ಬರೂ ಅಕ್ಕಪಕ್ಕ ಕೂತು, ಊರಲ್ಲಿ ಯಾರಿಗೂ ಹೇಳಲಾಗದ್ದನ್ನು ಹೇಳಿಕೊಂಡು ಹಗುರಾಗುತ್ತಿದ್ದರು.

ಗುಲ್ಜಾರ್ ಬೀಯ ಮಗ ಮುಜಾಮಿಲ್ ಚೇತರಿಸಿಕೊಂಡು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಮರಳಿದ. ಅಲ್ಲಿಂದ ಬಸವಲಿಂಗಮ್ಮನ ಮನಸ್ಸು ಕೆಟ್ಟಿತು. ಅವಳ ಮಗ ಮಧುವಿಗೂ ಕಿವಿಯೊಳಗಿನ ಮಾತು ನಿಂತಿತ್ತು, ಸುಳ್ಳಲ್ಲ. ಆದರೆ ಹುಡುಗ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಮಲ ಕಟ್ಟಿ ಹೊಟ್ಟೆ ಬಿಗಿದು ಊಟವೂ ಸೇರುತ್ತಿರಲಿಲ್ಲ.

"ನೆನ್ನೆ ನನ್ ಮಗ ನಂಗೇ ಚಾ ಮಾಡ್ಕೊಟ್ಟ ಅಕ್ಕ," ಎಂದಳು ಗುಲ್ಜಾರ್ ಬೀ ಒಂದು ದಿನ.

"ಒಳ್ಳೇದಾಯ್ತು ಬುಡಮ್ಮ," ಎಂದು ಬಸವಲಿಂಗಮ್ಮ ನಕ್ಕಳು.

ಅವತ್ತೇ ಗೆಳತಿಯ ಚೀಲದಲ್ಲಿ ಒಂದು ಪುಡಿಯ ಪೊಟ್ಟಣ ಅವಳ ಕಣ್ಣಿಗೆ ಬಿತ್ತು. "ಅದೇನದು?"

"ಒಳ್ಳೇ ಬ್ಯಾಕ್ಟೀರಿಯಾ ಅಂತೆ ಅಕ್ಕ, ಹೊಟ್ಟೇಗೆ. ಡಾಕ್ಟರ್ ಬರ್ಕೊಟ್ರು," ಎನ್ನುವಷ್ಟರಲ್ಲಿ ಮುಜಾಮಿಲ್ ಕರೆದ, ಗುಲ್ಜಾರ್ ಬೀ ಎದ್ದು ಹೋದಳು.

ಬಸವಲಿಂಗಮ್ಮ ಮನೆ ಸೇರುವ ಹೊತ್ತಿಗೆ ಹೊಟ್ಟೆಕಿಚ್ಚು ಉಳಿದ ಕಥೆಯನ್ನೆಲ್ಲ ತಾನೇ ಕಟ್ಟಿ ಮುಗಿಸಿತ್ತು. "ಅವಳ ಮಗ ಹುಸಾರಾಗಿದ್ದು ಆ ಪುಡಿಯಿಂದ್ಲೇ. ನಮ್ಗೆ ಹೇಳ್ದೆ ಬಚ್ಚಿಟ್ಕಂಡವ್ಳೆ," ಎಂದು ಗಂಡ ಗವಿಸಿದ್ದಯ್ಯನ ಮುಂದೆ ಕೂತಳು. ಕರುಳು ಸರಿಹೋದರೆ ತಲೆಯೂ ಸರಿಹೋಗುತ್ತದೆ ಎಂದು ಯಾರೋ ಹೇಳಿದ ವಿಡಿಯೋವನ್ನೂ ಮೊಬೈಲ್‌ನಲ್ಲಿ ತೋರಿಸಿದಳು.

"ಡಾಕ್ಟ್ರನ್ನ ಒಂದ್ ಮಾತು ಕೇಳಾನ ತಡಿ," ಎಂದ ಗವಿಸಿದ್ದಯ್ಯ.

"ನೀವು ಸುಮ್ಕಿರಿ. ಆ ಮಾತ್ರೆ ತಿಂದ್ ತಿಂದೇ ನನ್ ಮಗ ಮಂಕಾಗವ್ನೆ."

ಮೆಡಿಕಲ್ ಸ್ಟೋರಿನಿಂದ ಅಂಥದೇ ಪುಡಿ ಬಂತು. ಮಾತ್ರೆಗಳು ಅಟ್ಟ ಸೇರಿದವು. ದಿನಾ ಮಧುವಿಗೆ ಹೇಳದೆ, ಅವನ ಮೊಸರಿಗೆ ಪುಡಿ ಬೆರೆಸಿದಳು. ಮೊದಮೊದಲು ಹುಡುಗ ಚುರುಕಾದ. ಹೊಟ್ಟೆ ಸಡಿಲವಾಯಿತು. ರೇಷ್ಮೆ ಹುಳಕ್ಕೆ ಸೊಪ್ಪನ್ನೂ ಕೊಯ್ದು ತಂದ. ಮುಂದಿನ ಸಲ ಬೆಂಚಿನ ಮೇಲೆ ಮೊದಲು ಬಾಯಿ ತೆಗೆಯುವವಳು ತಾನೇ ಎಂದು ಬಸವಲಿಂಗಮ್ಮ ಒಳಗೊಳಗೇ ಬೀಗಿದಳು.

ಆಮೇಲೆ ಅವನ ನಿದ್ದೆ ಹೋಯಿತು. ಹಿಪ್ಪುನೇರಳೆ ತೋಟದಲ್ಲಿ ನಿಂತು ಕಾಣದವರ ಜೊತೆ ಜಗಳವಾಡತೊಡಗಿದ. ಒಂದು ಮಧ್ಯಾಹ್ನ ಮೊಸರಿನ ಬಟ್ಟಲನ್ನು ದೂರ ತಳ್ಳಿದ.

"ಏನ್ ಬೆರಸ್ದವ್ವ ಇದ್ರಲ್ಲಿ?"

"ಏನಿಲ್ಲ ಕಣಪ್ಪ."

"ಬೆರಸ್ದೆ. ನಾನ್ ನೋಡ್ದೆ. ಇಸ ಹಾಕ್ತಿದ್ದೀಯ."

ವಿಷದ ಮಾತು ಸುಳ್ಳು, ಬೆರೆಸಿದ್ದು ಮಾತ್ರ ನಿಜ. ಅಂದಿನಿಂದ ಮಧು ಅವಳ ಕೈಯ ನೀರನ್ನೂ ಮುಟ್ಟಲಿಲ್ಲ.

ಆ ತಿಂಗಳು ಆಸ್ಪತ್ರೆಯಲ್ಲಿ ಗೆಳತಿ ಕಾಣದಿದ್ದುದಕ್ಕೆ ಗುಲ್ಜಾರ್ ಬೀ ಫೋನ್ ಮಾಡಿದಳು. ಗವಿಸಿದ್ದಯ್ಯ ನಡೆದದ್ದನ್ನೆಲ್ಲ ಹೇಳಿದ. ಮರುದಿನವೇ ಅವಳು ಬಸ್ಸು ಹತ್ತಿ ಬಂದಳು.

"ನಿನ್ ಮಗ ನೆಟ್ಟಗವ್ನೆ. ನೋಡಿ ನಗಾಕೆ ಬಂದ್ಯಾ?" ಎಂದಳು ಬಸವಲಿಂಗಮ್ಮ, ಮುಖ ತಿರುಗಿಸಿಕೊಂಡು.

ಗುಲ್ಜಾರ್ ಬೀ ಪಕ್ಕದಲ್ಲೇ ಕೂತಳು. "ಆ ಪುಡಿ ತಲೇಗಲ್ಲ ಅಕ್ಕ. ಮುಜಾಮಿಲ್‌ಗೆ ಹೊಟ್ಟೆ ಕಟ್ಕೊಂಡಿತ್ತು, ಅದಕ್ಕೆ ಕೊಟ್ಟಿದ್ದು. ಮಾತ್ರೆ ಇವತ್ತೂ ತಗೊಂಡೇ ಕೆಲಸಕ್ಕೆ ಹೋದ." ಗೆಳತಿಯ ಕೈ ಹಿಡಿದು ಹೇಳಿದಳು. "ನಂಗೂ ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು. ನಿನ್ ಮಗ ಎಷ್ಟೇ ಕಾಯಿಲೆ ಇದ್ರೂ ಅವ್ವ ಅಂತಿದ್ದ. ನನ್ ಮಗ ಎರಡು ವರ್ಷ ನನ್ನ ಅಮ್ಮೀ ಅಂತ ಕರೀಲಿಲ್ಲ."

ಬಸವಲಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. ಪೊಟ್ಟಣವನ್ನು ಹಿಡಿದು ಮಗನ ಎದುರು ನಿಂತಳು. "ಬೆರಸಿದ್ದು ನಿಜ ಕಣಪ್ಪ. ಇಸ ಅಲ್ಲ, ಹೊಟ್ಟೆ ಮದ್ದು. ನಿಂಗೆ ಹೇಳ್ದೆ ಹಾಕಿದ್ದು ನನ್ ತಪ್ಪು. ಬಾ, ಡಾಕ್ಟ್ರಿಗೇ ತೋರ್ಸಾನ." ಮಧು ಪೊಟ್ಟಣವನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಅಪ್ಪ ಜೊತೆಗೆ ಬರುವುದಾದರೆ ಬರುತ್ತೇನೆಂದ.

"ಹಾಗಾದ್ರೆ ಕರುಳಿಗೂ ತಲೆಗೂ ಸಂಬಂಧಾನೇ ಇಲ್ವಾ ತಾಯಿ?" ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ ಮೇಲೆ ಗವಿಸಿದ್ದಯ್ಯ ವೈದ್ಯೆಯನ್ನು ಕೇಳಿದ.

"ಸಂಬಂಧ ಇದೆ ಅಣ್ಣ," ಎಂದರು ಅವರು. "ಕರುಳಿನ ಬ್ಯಾಕ್ಟೀರಿಯಾಗೂ ಮೆದುಳಿಗೂ ಏನು ನಂಟು ಅಂತ ವಿಜ್ಞಾನಿಗಳು ಹುಡುಕ್ತಾನೇ ಇದಾರೆ. ಮಾತ್ರೆ ಜೊತೆಗೆ ಇಂಥ ಪುಡಿ ಕೊಟ್ಟಾಗ ಕೆಲವರಿಗೆ ಸ್ವಲ್ಪ ಅನುಕೂಲ ಕಂಡಿದೆ, ಕೆಲವರಿಗೆ ಏನೂ ಕಂಡಿಲ್ಲ. ಇನ್ನೂ ಗಟ್ಟಿಯಾಗಿ ಹೇಳೋ ಹಾಗಿಲ್ಲ. ಮಾತ್ರೆ ಬದಲಿಗೆ ಪುಡಿ ಅನ್ನೋದಂತೂ ಸರಿಯಲ್ಲ."

"ಮಾತ್ರೆಯಿಂದ ಮಂಕು ಕವಿಯುತ್ತಲ್ಲವ್ವ," ಎಂದಳು ಬಸವಲಿಂಗಮ್ಮ.

"ಅದನ್ನ ನಂಗೆ ಹೇಳ್ಬೇಕಿತ್ತಮ್ಮ. ಡೋಸ್ ಬದಲಾಯಿಸ್ಬಹುದು, ಬೇರೆ ಮಾತ್ರೆ ಕೊಡ್ಬಹುದು. ಈ ಮಾತ್ರೆಗಳಿಂದ ಮಲಬದ್ಧತೆ ಆಗೋದೂ ಉಂಟು. ಅದನ್ನ ಸಣ್ಣದು ಅಂತ ಬಿಡಬಾರದು. ಮಾತ್ರೆ ನಿಲ್ಲಿಸಿದ್ರೆ ಮೊದಲು ಮಂಕು ಕಳೆದು ಚುರುಕಾದ ಹಾಗೆ ಕಾಣ್ಬಹುದು, ಆಮೇಲೆ ಕಾಯಿಲೆ ಮರುಕಳಿಸುತ್ತೆ."

ಮಧು ಕೆಲವು ದಿನ ಆಸ್ಪತ್ರೆಯಲ್ಲೇ ಉಳಿದ. ಮಾತ್ರೆ ಬದಲಾಯಿತು. ಕಿವಿಯೊಳಗಿನ ಗದ್ದಲ ನಿಧಾನವಾಗಿ ತಗ್ಗಿತು. ಮನೆಗೆ ಬಂದ ಮೇಲೂ ಬಹಳ ದಿನ ಅವನು ಅಪ್ಪ ಬಡಿಸಿದ್ದನ್ನೇ ಉಂಡ. ಬಸವಲಿಂಗಮ್ಮ ಬಾಗಿಲ ಬಳಿ ನಿಂತು ಬಡಿಸುವ ಗಂಡನ ಕೈಯನ್ನು ನೋಡಿ ಕರುಬಿದಳು. ಕೊನೆಗೊಂದು ದಿನ ಮಧು ತಟ್ಟೆಯನ್ನು ಅವಳ ಕಡೆ ಚಾಚಿದ.

"ಒಸಿ ಸಾರು ಬುಡವ್ವ."

ಅವಳು ಸಾರು ಬಿಟ್ಟಳು. ಅವಸರಕ್ಕೆ ಅರ್ಧ ನೆಲಕ್ಕೆ ಚೆಲ್ಲಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಕಾಯಿಲೆಯವರಿದ್ದರೆ ಒಂದು ಮಾತು ನೆನಪಿಡಿ. ಮೊಸರು, ಮಜ್ಜಿಗೆ ಊಟಕ್ಕೆ ಒಳ್ಳೆಯದೇ. ಪುಡಿ ಕೊಡಬೇಕೆನಿಸಿದರೆ ಮೊದಲು ವೈದ್ಯರನ್ನು ಕೇಳಿ, ಕಾಯಿಲೆಯವರಿಗೂ ತಿಳಿಸಿಯೇ ಕೊಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪಕ್ಕದ ಮನೆಯ ಮಗ ಬೇಗ ಗುಣವಾದನೆಂದು ನಿಮ್ಮ ಮಗುವಿನ ಮದ್ದು ಬದಲಿಸಬೇಡಿ. ಒಬ್ಬೊಬ್ಬರು ಚೇತರಿಸಿಕೊಳ್ಳುವ ದಾರಿ ಒಂದೊಂದು. ದಿಕ್ಕು ತೋಚದಿದ್ದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.