ಬರೀ ಹೂಂ

ಚಿತ್ರಕಥೆ ಬರೆಯುತ್ತಿದ್ದವನು ಅವನು. ಎದುರಿನ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದವರು ಅವನ ಅಕ್ಕನ ಗಂಡ. ದೃಶ್ಯ ಹಿಡಿಸಿದರೆ ಭಾವ "ಹೂಂ... ಆಮೇಲೆ?" ಎನ್ನುತ್ತಿದ್ದರು. ಹಿಡಿಸದಿದ್ದರೆ ಮೊಟಕಾಗಿ "ಹೂಂ", ಅಷ್ಟೇ. ಆ ಮೊಟಕು ಹೂಂ ಬಿದ್ದ ಪುಟವನ್ನು ಅವನು ಗೊಣಗುತ್ತಲೇ ಹರಿದು ಮತ್ತೆ ಬರೆಯುತ್ತಿದ್ದ.

ಚಿತ್ರ ಮುಗಿದ ಮೇಲೆ ನಿರ್ಮಾಪಕರು ಇಬ್ಬರನ್ನೂ ಕೂರಿಸಿಕೊಂಡು, ಪರದೆಯ ಮೇಲೆ ಯಾರ ಹೆಸರು, ಲಾಭದಲ್ಲಿ ಯಾರಿಗೆಷ್ಟು ಪಾಲು ಎಂದು ಕೇಳಿದರು.

"ಬರೆದಿದ್ದೆಲ್ಲ ನಾನು ಸಾರ್. ಭಾವ ಬರೀ ಹೂಂಗುಟ್ಟಿದ್ದು," ಎಂದುಬಿಟ್ಟ ಅವನು.

ಭಾವ ಜಗಳಕ್ಕೆ ನಿಲ್ಲಲಿಲ್ಲ. "ಅದೂ ನಿಜಾನೇ ಬಿಡಪ್ಪ. ಹೂಂ ಅಂದಿದ್ದಕ್ಕೆಲ್ಲ ಯಾರು ಪಾಲು ಕೊಡ್ತಾರೆ?" ಎಂದು ನಕ್ಕು, ಕನ್ನಡಕ ಒರೆಸಿಕೊಂಡು ಎದ್ದು ಹೋದರು. ಮತ್ತೆ ಅವನ ಕೋಣೆಯ ಮೆಟ್ಟಿಲು ಹತ್ತಲಿಲ್ಲ.

ಪರದೆಯ ಮೇಲೆ ಅವನೊಬ್ಬನದೇ ಹೆಸರು ಬಂತು. ಲಾಭವೂ ಅವನೊಬ್ಬನದೇ. ಆದರೆ ಹಾಳಾದ ಹೊಸ ಕಥೆ ಮೊದಲ ದೃಶ್ಯವನ್ನೇ ದಾಟಲೊಲ್ಲದು.

ಇವತ್ತು ಆ ದೃಶ್ಯವನ್ನು ಖಾಲಿ ಕುರ್ಚಿಗೆ ಗಟ್ಟಿಯಾಗಿ ಓದಿ ಹೇಳಿದ. ಮುಗಿಸಿ, ಅಭ್ಯಾಸಬಲದಿಂದ ಕಾದ. ಕೊನೆಗೆ ತಡೆಯಲಾರದೆ ತಾನೇ "ಹೂಂ" ಎಂದ.

ಅದು ಯಾವ ಹೂಂ ಎಂಬುದು ಅವನಿಗೇ ತಿಳಿಯಲಿಲ್ಲ.